ಭಾಂಡುಪ್‌ನಲ್ಲಿ ಮಳೆಗಾಲ ದಾಟಿದ ಗೆಡ್ಡೆಗಳು

ಮುಂಬಯಿಗೆ ಬಂದ ಮೂರನೆಯ ದಿನ, ಒಬ್ಬ ಮನುಷ್ಯ ನನ್ನ ನೌಕರಿಯನ್ನು ತನ್ನ ಅಡುಗೆ ಒಲೆಯ ಮೇಲೆ ನೇತುಹಾಕಿಕೊಂಡಿದ್ದನ್ನು ನೋಡಿದೆ. ಬಣ್ಣ ಹಚ್ಚಿ ಹೇಳುತ್ತಿಲ್ಲ. ಭಾಂಡುಪ್ ಗುಡ್ಡದ ಇಳಿಜಾರಿನಲ್ಲಿ ತಗಡು ಹೊದಿಸಿದ ಒಂದು ಖೋಲಿ. ಖೋಲಿ ಅಂದರೆ ಒಂಟಿ ಕೋಣೆ, ಅದೇ ಅಡುಗೆಮನೆ, ಅದೇ ಮಲಗುವ ಮನೆ. ಮೂಲೆಯಲ್ಲಿ ಸೌದೆ ಒಲೆ ಹೊಗೆಯಾಡುತ್ತಿತ್ತು. ಅದರ ಮೇಲೆ, ಮಾಡಿನ ಬಿದಿರಿಗೆ ಕಟ್ಟಿದ ಮೂರು ದೊಡ್ಡ ಬುಟ್ಟಿಗಳು. ಬುಟ್ಟಿಯೊಳಗೆ ಬೂದಿ ಮೆತ್ತಿದ ಗೆಡ್ಡೆಗಳು, ಒಂದೊಂದು ಗೊಂಚಲನ್ನೂ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿತ್ತು. ಅವು ಡೇಲಿಯಾ ಗೆಡ್ಡೆಗಳು. ಮಲೆನಾಡಿನವರು ಡೇರೆ ಹೂ ಅನ್ನುತ್ತಾರಲ್ಲ, ಅದೇ. ಆ ಗೆಡ್ಡೆಗಳನ್ನು ನೋಡಿಕೊಳ್ಳುವುದಕ್ಕೇ ನನ್ನನ್ನು ಮೈಸೂರಿನಿಂದ ಕರೆಸಿದ್ದರು.

ಅದು ಎಂಬತ್ತೈದರ ಜೂನ್. ಭಾಂಡುಪ್‌ನ ಒಂದು ಕಾರ್ಖಾನೆಗೆ ಗಾರ್ಡನ್ ಸೂಪರ್‌ವೈಸರ್ ಆಗಿ ಬಂದಿದ್ದೆ. ಕಾರ್ಖಾನೆಯ ಹಿಂದೆ ನೌಕರರ ಕಾಲೊನಿ, ಕಾಲೊನಿಯ ನಡುವೆ ತೋಟ, ತೋಟದ ತುದಿಯಲ್ಲಿ ಮಾಲೀಕರ ಬಂಗಲೆ. ಮಾಲೀಕರ ಹೆಂಡತಿಗೆ ಡೇಲಿಯಾ ಹುಚ್ಚು. ಎಲ್ಲರೂ ಅವರನ್ನು ಬಾಯಿಸಾಹೇಬ್ ಅನ್ನುತ್ತಿದ್ದರು. ಪ್ರತಿ ಜನವರಿಯಲ್ಲೂ ನಡೆಯುವ ಹೂವಿನ ಪ್ರದರ್ಶನದಲ್ಲಿ ಅವರ ಕುಂಡಗಳು ನಿಲ್ಲಬೇಕು, ಕಪ್ ಬರಬೇಕು. ಡಾರ್ಜಿಲಿಂಗ್ ಕಡೆಯಿಂದ ವರ್ಷ ವರ್ಷವೂ ತರಿಸಿ ಕೂಡಿಹಾಕಿದ ತಳಿಗಳು ಅವು. ಒಂದು ಹೋದರೆ ಮತ್ತೊಂದು ಸಿಗುವ ಮಾತಿಲ್ಲ.

ನನಗೆ ಒಂದು ವರ್ಷದ ತೋಟಗಾರಿಕೆ ಸರ್ಟಿಫಿಕೇಟ್ ಇತ್ತು, ಮೈಸೂರಿನ ನರ್ಸರಿಯೊಂದರಲ್ಲಿ ಆರು ವರ್ಷ ದುಡಿದ ಅನುಭವವಿತ್ತು. ಇವೆರಡರ ಜೊತೆಗೆ ತಲೆಯ ಮೇಲೆ ಎರಡು ಕೊಂಬೂ ಇದ್ದವು. ನರ್ಸರಿಯ ಯಜಮಾನರ ಜೊತೆ ಜಗಳವಾಡಿ, ನಿಮ್ಮ ಹಿತ್ತಲಿಗಿಂತ ದೊಡ್ಡ ತೋಟ ಆಳುತ್ತೇನೆ ನೋಡಿ ಎಂದು ಹೇಳಿಯೇ ರೈಲು ಹತ್ತಿದ್ದೆ. ಅಂದರೆ ವಾಪಸು ಹೋಗುವ ಬಾಗಿಲನ್ನು ನನ್ನ ಕೈಯಾರೆ ಮುಚ್ಚಿ ಬಂದವನು ನಾನು.

ಒಲೆಯ ಮೇಲೆ ಬುಟ್ಟಿ ಕಟ್ಟಿದವನ ಹೆಸರು ಗಣಪತ್. ಕೊಂಕಣದ ರತ್ನಾಗಿರಿ ಕಡೆಯವನು. ಐವತ್ತೈದರ ಮೇಲಿನ ವಯಸ್ಸು, ಹೆಂಡತಿ ತೀರಿಹೋಗಿದ್ದಳು, ಒಬ್ಬನೇ ಇದ್ದ. ಹದಿನೇಳು ವರ್ಷದಿಂದ ಅದೇ ತೋಟದಲ್ಲಿ ಮಾಲಿ, ಆದರೆ ಹದಿನೇಳು ವರ್ಷವೂ ದಿನಗೂಲಿ. ಕಾಲೊನಿಯ ಜನ ಗಣಪತ್ ಕಾಕಾ ಅನ್ನುತ್ತಿದ್ದರು. ಅವನ ಮಾತು ಮರಾಠಿ ಬೆರೆಸಿದ ಹಿಂದಿ, ನನ್ನದು ಸಿನಿಮಾ ನೋಡಿ ಕಲಿತ ಹಿಂದಿ. ನನ್ನ ಹಿಂದಿ ಕೇಳಿ ಅವನು ನಗುತ್ತಿರಲಿಲ್ಲ. ಮುಂಬಯಿಯಲ್ಲಿ ಆ ಸೌಜನ್ಯ ತೋರಿಸಿದವರು ತೀರ ಕಡಿಮೆ.

ಮೈಸೂರಿನ ಓದುಗರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಮಳೆ ಹಿಡಿದ ಮೇಲೆ ಡೇಲಿಯಾ ನೆಡುತ್ತೇವೆ, ದಸರೆಯ ಹೊತ್ತಿಗೆ ಹೂ ನೋಡುತ್ತೇವೆ. ಧನುರ್ಮಾಸದ ಚಳಿಗೆ ಗಿಡ ಒಣಗಿ ಗೆಡ್ಡೆ ನಿದ್ದೆಗೆ ಜಾರುತ್ತದೆ. ಆಗ ಅಗೆದು, ನೆರಳಿನಲ್ಲಿ ಆರಿಸಿ, ಮರದ ಪೆಟ್ಟಿಗೆಯಲ್ಲಿ ಮರಳು ತುಂಬಿ ಹೂತಿಟ್ಟರೆ ಚಳಿಗಾಲ ದಾಟುತ್ತದೆ. ನಮ್ಮ ಒಣಗಾಳಿಗೆ ಗೆಡ್ಡೆ ಮುರುಟದಿರಲಿ ಎಂದು ಸೋಮವಾರಕ್ಕೊಮ್ಮೆ ಮರಳಿನ ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತೇವೆ. ಪೆಟ್ಟಿಗೆ ಮುಚ್ಚಿದ ಮೇಲೆ ಯುಗಾದಿಯ ತನಕ ಗೆಡ್ಡೆ ಮುಟ್ಟುವಂತಿಲ್ಲ. ಮುಟ್ಟಿದರೆ ನರ್ಸರಿಯ ಮೇಸ್ತ್ರಿ ಕೈಗೆ ಏಟು ಕೊಡುತ್ತಿದ್ದರು. ಮಲಗಿದ ಮಗುವನ್ನು ಎಬ್ಬಿಸಿ ನೋಡ್ತೀಯೇನೋ ಎಂದು ಬಯ್ಯುತ್ತಿದ್ದರು.

ಮುಂಬಯಿಯಲ್ಲಿ ಎಲ್ಲ ತಿರುವುಮುರುವು. ಇಲ್ಲಿಯ ಚಳಿಗಾಲವೇ ಡೇಲಿಯಾ ಹೂ ಬಿಡುವ ಕಾಲ. ಏಪ್ರಿಲ್‌ನಲ್ಲಿ ಗಿಡ ಮಲಗುತ್ತದೆ, ಆಮೇಲೆ ದಾಟಿಸಬೇಕಾದ್ದು ಚಳಿಯನ್ನಲ್ಲ, ನಾಲ್ಕು ತಿಂಗಳ ಮಳೆಯನ್ನು. ಆ ಮಳೆ ಎಂಥದ್ದು ಎನ್ನುವುದು ಊರಿನಲ್ಲಿ ಕೂತು ತಿಳಿಯುವುದಿಲ್ಲ. ನನ್ನ ಚರ್ಮದ ಚಪ್ಪಲಿ ವಾರದಲ್ಲಿ ಹಸಿರು ಬೂಷ್ಟು ಹಿಡಿಯಿತು. ಡಬ್ಬಿಯ ಉಪ್ಪು ನೀರಾಯಿತು. ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತುಬರುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಮದುವೆಯ ರೇಷ್ಮೆ ಪಂಚೆಯ ಮೇಲೆ ಕರಿ ಚುಕ್ಕೆ ಬಿದ್ದವು. ಊರಿನಲ್ಲಿ ಮಳೆ ಹೊರಗೆ ಬರುತ್ತದೆ. ಇಲ್ಲಿ ಅದು ಮನೆಯೊಳಗೇ ಬಂದು ಕೂರುತ್ತದೆ.

ಅಂಥ ಮಳೆಯಲ್ಲಿ ಗಣಪತ್ ಗೆಡ್ಡೆಗಳನ್ನು ಒಲೆಯ ಬಿಸಿಗೂ ಹೊಗೆಗೂ ಒಡ್ಡಿ ಉಳಿಸುತ್ತಿದ್ದ. ಅವನ ಊರಿನಲ್ಲಿ ಬಿತ್ತನೆ ಬೀಜವನ್ನೂ ಅರಿಸಿನದ ಗೆಡ್ಡೆಯನ್ನೂ ಹೀಗೇ ಕಾಯುತ್ತಾರಂತೆ. ಪ್ರತಿ ಭಾನುವಾರ ಬುಟ್ಟಿ ಇಳಿಸಿ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮೆತ್ತಗಾದ ಕಡೆ ಚಾಕುವಿನಿಂದ ಕೆತ್ತಿ ಬೂದಿ ಮೆತ್ತುತ್ತಿದ್ದ. ಮುಟ್ಟದಿರುವುದು ನಮ್ಮ ಶಿಸ್ತು, ಮುಟ್ಟುತ್ತಲೇ ಇರುವುದು ಅವನ ಶಿಸ್ತು. ನನಗೆ ಅದು ಹಳ್ಳಿಯವನ ಅಡ್ಡಕಸುಬಿನಂತೆ ಕಂಡಿತು. ಮಾಲೀಕರ ಸ್ವತ್ತು ಮಾಲಿಯ ಒಲೆಯ ಮೇಲೆ ಏಕೆ ಎಂದು ಮೂಗು ಮುರಿದೆ. ಹೊಸಬನಾಗಿದ್ದರಿಂದ ಆ ವರ್ಷ ಸುಮ್ಮನಿದ್ದೆ.

ಆ ವರ್ಷದ ನನ್ನ ಬದುಕನ್ನು ನಡೆಸಿದವರು ಇಬ್ಬರು. ಒಬ್ಬ ಗಣಪತ್. ಲೋಕಲ್ ರೈಲಿನಲ್ಲಿ ಯಾವ ಬಾಗಿಲಿನ ಯಾವ ಬದಿಗೆ ನಿಂತರೆ ಜನವೇ ನಮ್ಮನ್ನು ಇಳಿಸಿಬಿಡುತ್ತದೆ ಎನ್ನುವುದರಿಂದ ಹಿಡಿದು, ಸಾರ್ವಜನಿಕ ನಲ್ಲಿಯಲ್ಲಿ ಕೊಡ ಇಡುವ ಪಾಳಿಯ ತನಕ ಎಲ್ಲವನ್ನೂ ಅವನೇ ಕಲಿಸಿದ. ಇನ್ನೊಬ್ಬರು ಸಂಜೀವಣ್ಣ, ಕಾರ್ಖಾನೆಯ ಕ್ಯಾಂಟೀನ್ ನಡೆಸುತ್ತಿದ್ದ ಉಡುಪಿ ಕಡೆಯವರು. ಅವರ ಸಾಂಬಾರಿಗೆ ಬೆಲ್ಲ ಜಾಸ್ತಿ, ನಮ್ಮ ಹುಳಿಯ ಖಾರ ಅದಕ್ಕೆಲ್ಲಿ ಬರಬೇಕು. ಆದರೂ ದಿನಾ ಮಧ್ಯಾಹ್ನ ಅವರ ಗಲ್ಲಾ ಪಕ್ಕ ನಿಂತು ಊಟ ಮಾಡುತ್ತಿದ್ದೆ, ಯಾಕೆಂದರೆ ಇಡೀ ಭಾಂಡುಪ್‌ನಲ್ಲಿ ನನಗೆ ಕನ್ನಡ ಕೇಳಿಸುತ್ತಿದ್ದುದು ಆ ಎರಡು ಅಡಿ ಜಾಗದಲ್ಲಿ ಮಾತ್ರ. ಎಂತ ಮೂರ್ತಿಯವರೆ, ಇವತ್ತು ಹೂಗಳು ಸೌಖ್ಯವಾ ಎಂದು ಅವರು ಕೇಳಿದರೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಸೆಪ್ಟೆಂಬರಿನಲ್ಲಿ ಬುಟ್ಟಿಗಳು ಇಳಿದವು. ಗೆಡ್ಡೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಡೇಲಿಯಾದ ಗೆಡ್ಡೆಗೆ ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರುವುದಿಲ್ಲ. ಕಾಂಡಕ್ಕೆ ಅಂಟಿದ ಕುತ್ತಿಗೆಯ ಹತ್ತಿರ ಮಾತ್ರ ಇರುತ್ತದೆ. ಆ ಕುತ್ತಿಗೆ ಬಿಟ್ಟು ಮುರಿದರೆ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಕುರುಡು, ಹುಟ್ಟುವುದಿಲ್ಲ. ಗಣಪತ್ ಗೆಡ್ಡೆಗಳನ್ನು ಬೆಳಕಿಗಿಟ್ಟು ಕಣ್ಣು ಒಡೆಸಿದ. ಮೂರು ಬೆರಳುದ್ದ ಚಿಗುರು ಬಂದಾಗ ಕೆಳಗಿನ ಚೂರು ಗೆಡ್ಡೆಯ ಸಮೇತ ಕೊಯ್ದು ಮರಳಿನಲ್ಲಿ ಊರಿದ. ಒಂದು ಗೆಡ್ಡೆಯಿಂದ ಐದಾರು ಗಿಡ. ಈ ಚಿಗುರು ಕೊಯ್ಯುವ ಕೆಲಸ ನನಗೂ ಗೊತ್ತಿತ್ತು, ಅಲ್ಲಿ ನನ್ನ ಕೈಯೂ ಓಡಿತು. ಹದಿನೆಂಟನೇ ದಿನ ನಾನು ಊರಿದ ಚಿಗುರೊಂದನ್ನು ಮೆಲ್ಲಗೆ ಎತ್ತಿ ನೋಡಿದರೆ ಬಿಳಿ ಬೇರು ಬಂದಿತ್ತು. ಈ ಊರಿನಲ್ಲಿ ನನ್ನದೂ ಒಂದು ಬೇರು ಬಿಟ್ಟಿತಲ್ಲ ಎಂದು ಅಂದು ಬಹಳ ಹಿಗ್ಗಿದೆ.

ಜನವರಿಯಲ್ಲಿ ಕಪ್ ಬಂತು. ಬಾಯಿಸಾಹೇಬರು ಎಲ್ಲರೆದುರು ಗಣಪತನ ಕೈಗೆ ಒಂದು ಶಾಲು ಕೊಟ್ಟರು. ಆಡಳಿತ ನೋಡಿಕೊಳ್ಳುತ್ತಿದ್ದ ಆಫೀಸರು ನನ್ನ ಕಡೆ ತಿರುಗಿ, ಇದರಲ್ಲಿ ಮೈಸೂರಿನದು ಏನಿದೆ ಎಂದು ನಗುತ್ತಾ ಕೇಳಿದರು. ಜೂನ್‌ಗೆ ನನ್ನ ಪ್ರೊಬೇಷನ್ ವರ್ಷ ಮುಗಿದಾಗ ಕಾಯಂ ಮಾಡಲಿಲ್ಲ. ಕಳೆದ ಸಲದ್ದು ಮಾಲಿಯ ಕೆಲಸ, ನಿಮ್ಮ ಕೆಲಸ ನೋಡೋಣ ಎಂದು ಮತ್ತೆ ಎಂಟು ತಿಂಗಳು ಮುಂದೂಡಿದರು. ಕಾಯಂ ಆಗದಿದ್ದರೆ ಕಾಲೊನಿಯ ಮನೆ ಖಾಲಿ ಮಾಡಬೇಕು. ಒಂದು ರೂಮು, ಒಂದು ಅಡುಗೆಮನೆ, ಒಂದು ಬಚ್ಚಲು, ಅಷ್ಟೇ ಮನೆ. ಆದರೆ ಅಷ್ಟೊತ್ತಿಗೆ ನನ್ನ ಹೆಂಡತಿ ಲಲಿತಾ ಮೈಸೂರಿನಿಂದ ಬಂದಿದ್ದಳು. ಅವಳಿಗೆ ಐದು ತಿಂಗಳಾಗಿತ್ತು. ಮುಂಬಯಿಯಲ್ಲಿ ಅಂಥ ಮನೆ ಕಳೆದುಕೊಂಡವರು ಮತ್ತೆ ಎಲ್ಲಿ ಸೇರುತ್ತಾರೆ ಎನ್ನುವುದನ್ನು ಭಾಂಡುಪ್ ಸ್ಟೇಷನ್ನಿನ ಸೇತುವೆಯ ಕೆಳಗೆ ದಿನಾ ನೋಡುತ್ತಿದ್ದೆ.

ಅದಕ್ಕೂ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ಗೆಡ್ಡೆ ಅಗೆದಾಗ ನಾನು ನನ್ನ ಕೊಂಬು ತೋರಿಸಿಯಾಗಿತ್ತು. ಆಫೀಸರ ನಗು ನನ್ನನ್ನು ಒಳಗೇ ಸುಡುತ್ತಿತ್ತು. ಈ ಸಲ ಗೆಡ್ಡೆಗಳು ಯಾರ ಖೋಲಿಗೂ ಹೋಗಬೇಕಿಲ್ಲ, ಪಂಪ್ ಶೆಡ್ಡಿನಲ್ಲಿ ಮರಳಿನ ಪೆಟ್ಟಿಗೆಯಲ್ಲಿ ಇಡೋಣ ಎಂದೆ. ಗಣಪತ್ ಮರಳನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ.

“ಸಾಬ್, ಯೇ ಮುಂಬಯಿ ಕಾ ಹವಾ ಹೈ. ರೇತೀ ಭೀ ಪಾನೀ ಪೀತಾ ಹೈ,” ಎಂದ. ಇಲ್ಲಿಯ ಗಾಳಿಗೆ ಮರಳೂ ನೀರು ಕುಡಿಯುತ್ತದೆ ಎಂದು ಅರ್ಥ.

ಮೈಸೂರಿನಲ್ಲಿ ಅರಮನೆಯ ಕಾಲದಿಂದಲೂ ಹೀಗೇ ಇಡುತ್ತಾರೆ ಎಂದು ಹೇಳಿದೆ. ಅರಮನೆಗೂ ನಮ್ಮ ನರ್ಸರಿಗೂ ಯಾವ ಸಂಬಂಧವೂ ಇರಲಿಲ್ಲ. ಅವನು ಪೆಟ್ಟಿಗೆಗಳನ್ನು ಹೊತ್ತು ಶೆಡ್ಡಿನಲ್ಲಿಟ್ಟ. ನಲವತ್ತು ಗೊಂಚಲು, ಎಂಟು ಪೆಟ್ಟಿಗೆ. ಏಪ್ರಿಲ್, ಮೇ ಎರಡು ತಿಂಗಳೂ ನಾನು ಸೋಮವಾರ ತಪ್ಪದೆ ನೀರು ಚಿಮುಕಿಸಿದೆ. ಬೆವರು ಆರದ ಊರಿನಲ್ಲಿ ಮರಳು ಎಲ್ಲಿ ಆರಬೇಕು ಎಂದು ಒಮ್ಮೆಯೂ ಯೋಚಿಸಲಿಲ್ಲ. ಮಳೆ ಶುರುವಾದ ಮೇಲೆ ನೀರು ನಿಲ್ಲಿಸಿದೆ, ಆದರೆ ಪೆಟ್ಟಿಗೆ ತೆರೆಯಲಿಲ್ಲ. ಮೇಸ್ತ್ರಿಯ ಏಟು ಆರುನೂರು ಮೈಲಿ ದೂರದಿಂದಲೂ ನನ್ನ ಕೈಯನ್ನು ತಡೆಯುತ್ತಿತ್ತು. ಗಣಪತ್ ಎರಡು ಸಲ ಕೇಳಿದ, ಒಂದು ಪೆಟ್ಟಿಗೆಯನ್ನಾದರೂ ತೆರೆದು ನೋಡೋಣ ಎಂದು. ಎರಡನೇ ಸಲ ಅವನ ಮೇಲೆ ರೇಗಿದೆ.

ರೇಗಿಸಿಕೊಂಡವನು ಮಾರನೆಯ ದಿನ ಲಲಿತಾಗೆ ಎಂದು ಕೆಸುವಿನ ಎಲೆ ತಂದು ಬಾಗಿಲಲ್ಲಿಟ್ಟ. ಬಸುರಿಯ ಬಾಯಿಗೆ ರುಚಿ ಬೇಕು ಎನ್ನುವುದು ಅವನ ವಾದ. ಗುಡ್ಡದ ಮೇಲಿಂದ ಅಂಬಟೆಕಾಯಿ ತಂದ, ಎಲ್ಲಿಂದಲೋ ಹುಣಿಸೆ ಚಿಗುರು ತಂದ. ಒಂದು ಸಲ ಒಣಮೀನೂ ತಂದು, ನಾವು ತಿನ್ನುವವರಲ್ಲ ಎಂದು ತಿಳಿದಾಗ ಪೇಚಾಡಿಕೊಂಡು ನಾಲ್ಕು ದಿನ ಮನೆಯ ಕಡೆ ಬರಲಿಲ್ಲ. ಲಲಿತಾಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಜಗಲಿಯಲ್ಲಿ ಕೂತು ಇಬ್ಬರೂ ಅದೆಷ್ಟು ಮಾತಾಡುತ್ತಿದ್ದರೋ. ತವರಿನಿಂದ ಇಷ್ಟು ದೂರದಲ್ಲಿ ಅವಳಿಗೆ ಹಿರಿಯರು ಎಂದು ಇದ್ದುದು ಅವನೊಬ್ಬನೇ.

ಆಗಸ್ಟ್ ಕೊನೆಯಲ್ಲಿ ಶೆಡ್ಡಿನ ಬಾಗಿಲು ತೆರೆದಾಗ ವಾಸನೆಯೇ ಎಲ್ಲವನ್ನೂ ಹೇಳಿತು. ಕೊಳೆತ ಗೆಡ್ಡೆಯ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಮರಳಿನೊಳಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಬರೀ ಲೋಳೆ ಮತ್ತು ಸಿಪ್ಪೆ. ಒಂದಾದ ಮೇಲೊಂದು ಎಂಟೂ ಪೆಟ್ಟಿಗೆ ನೆಲಕ್ಕೆ ಸುರಿದೆ. ನಲವತ್ತರಲ್ಲಿ ಒಂದೂ ಉಳಿದಿರಲಿಲ್ಲ. ಗಣಪತ್ ಬಾಗಿಲಲ್ಲಿ ನಿಂತಿದ್ದ. ನಾ ಹೇಳಿರಲಿಲ್ಲವೇ ಎಂದು ಅವನು ಒಂದು ಮಾತು ಅಂದಿದ್ದರೆ ನಾನು ಅವನನ್ನು ದ್ವೇಷಿಸಬಹುದಿತ್ತು, ಅದು ಎಷ್ಟೋ ಸುಲಭವಾಗುತ್ತಿತ್ತು. ಅವನು ಪೊರಕೆ ತಂದು ಗುಡಿಸತೊಡಗಿದ.

ಆಫೀಸರು ನನ್ನನ್ನು ಕರೆಸಿ ಬಾಗಿಲು ಹಾಕಿಸಿದರು. ಬಾಯಿಸಾಹೇಬರು ವಿದೇಶದಿಂದ ಮುಂದಿನ ವಾರ ಬರುತ್ತಾರೆ, ಅವರಿಗೆ ಕಾಗದದ ಮೇಲೆ ಉತ್ತರ ಬೇಕು, ನಾಳೆಯೊಳಗೆ ವರದಿ ಕೊಡಿ ಎಂದರು. ಇದಕ್ಕೆ ಕಾರಣ ನೀವೇ ಆಗಿದ್ದರೆ ನಿಮ್ಮನ್ನು ಕಾಯಂ ಮಾಡಿ ಎಂದು ನಾನು ಶಿಫಾರಸು ಮಾಡುವುದು ಹೇಗೆ ಎಂದೂ ಕೇಳಿದರು. ಗದರಲಿಲ್ಲ, ತಣ್ಣಗೆ ಕೇಳಿದರು. ನನ್ನ ಕಣ್ಣಿನ ಮುಂದೆ ಆ ಒಂದು ರೂಮು, ಆ ಬಚ್ಚಲು, ಏಳು ತಿಂಗಳ ಲಲಿತಾ ಬಂದು ನಿಂತರು. ಮೈಸೂರಿಗೆ ಹೋಗಿ ಆ ಯಜಮಾನರ ಕಾಲು ಹಿಡಿಯುವುದೂ ಕಣ್ಣಿಗೆ ಬಂತು.

ವರದಿಯನ್ನು ಇಂಗ್ಲಿಷಿನಲ್ಲಿ ಬರೆದೆ. ನಾಲ್ಕೇ ಸಾಲು. ಗೆಡ್ಡೆಗಳು ಮಾಲಿಯ ಸುಪರ್ದಿನಲ್ಲಿದ್ದವು, ಪೆಟ್ಟಿಗೆಗಳಿಗೆ ಅಗತ್ಯಕ್ಕಿಂತ ಹೆಚ್ಚು ನೀರು ಬಿದ್ದು ಕೊಳೆತವು ಎಂದು. ನೀರು ಹಾಕಿದವರು ಯಾರು ಎಂದು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಕೆಳಗೆ ಮಾಲಿಯ ಸಹಿಯೂ ಬೇಕು ಎಂದಿದ್ದರು. ಮಾರನೆಯ ಬೆಳಗ್ಗೆ ಕುಂಡಗಳ ಸಾಲಿನ ಹತ್ತಿರ ಗಣಪತ್ ಸಿಕ್ಕಿದ. ಕೈ ಮಣ್ಣಾಗಿತ್ತು, ಧೋತರಕ್ಕೆ ಒರೆಸಿಕೊಂಡು ಕಾಗದ ಹಿಡಿದ. ಅವನಿಗೆ ಮರಾಠಿಯಲ್ಲಿ ಹೆಸರು ಬರೆಯಲು ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ.

“ಕ್ಯಾ ಲಿಖಾ ಹೈ ಸಾಬ್?” ಏನು ಬರೆದಿದೆ ಎಂದು ಕೇಳಿದ.

“ಬಾರಿಶ್ ಸೇ ಖರಾಬ್ ಹುವಾ, ಬಸ್,” ಎಂದೆ. ಮಳೆಯಿಂದ ಹಾಳಾಯಿತು, ಅಷ್ಟೇ.

ಅವನು ಕುಂಡವೊಂದರ ಅಂಚಿನ ಮೇಲೆ ಕಾಗದವಿಟ್ಟು, ಅಕ್ಷರ ಅಕ್ಷರವಾಗಿ, ತಪ್ಪಾಗಬಾರದೆಂದು ನಾಲಗೆ ಕಚ್ಚಿಕೊಂಡು ಹೆಸರು ಬರೆದ. ಬರೆದು, ಸರಿಯಾಗಿದೆಯಾ ಎಂದು ನನ್ನ ಮುಖ ನೋಡಿದ. ನಾನು ಸರಿಯಾಗಿದೆ ಎಂದೆ.

ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಬೈದು ಬಿಡುತ್ತಾರೆ, ಹೆಚ್ಚೆಂದರೆ ಗೇಟಿನ ಕಡೆ ಹಾಕುತ್ತಾರೆ ಅಂದುಕೊಂಡಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ದಿನಗೂಲಿಯವನನ್ನು ತೆಗೆಯಲು ಒಂದು ಕಾಗದ ಸಾಕು ಎನ್ನುವುದು ಅದನ್ನು ಬರೆಯುವಾಗಲೇ ನನಗೆ ಗೊತ್ತಿತ್ತು. ತೆಗೆದುಹಾಕಿದ ಪತ್ರದ ಜೊತೆ ನನ್ನ ವರದಿಯ ಪ್ರತಿಯನ್ನೂ ಲಗತ್ತಿಸಿ ಕೊಟ್ಟಿದ್ದಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಅದಾದ ಮೊದಲ ಭಾನುವಾರ ಅವನು ಮನೆಗೆ ಬಂದ. ಕಿಟಕಿಯಿಂದ ಅವನನ್ನು ಕಂಡದ್ದೇ ನಾನು ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡೆ. ಅಷ್ಟು ಚಿಕ್ಕ ಮನೆಯಲ್ಲಿ ಅಡಗಲು ಇನ್ನೆಲ್ಲಿ ಜಾಗವಿತ್ತು? ಹೊರಗೆ ಲಲಿತಾ ಅವನನ್ನು ಕೂರಿಸಿದ್ದು, ಕಾಫಿ ಕೊಟ್ಟಿದ್ದು, ಅವನು ಏನೋ ನಿಧಾನವಾಗಿ ವಿವರಿಸಿದ್ದು, ಅವಳು ಹೂಂ ಹೂಂ ಅಂದಿದ್ದು ಎಲ್ಲ ಕೇಳಿಸುತ್ತಿತ್ತು. ಒಣ ಬಕೆಟ್ಟಿನ ಮುಂದೆ ಕಳ್ಳನ ಹಾಗೆ ನಿಂತಿದ್ದೆ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋದ ಮೇಲೆ, ಹೊರಗೆ ಬಂದೆ.

“ಕಾಕಾ ಬಂದಿದ್ರು ಕಣ್ರೀ. ಹಬ್ಬಕ್ಕೆ ಊರಿಗೆ ಹೋಗ್ತಾರಂತೆ, ಇನ್ನು ಅಲ್ಲೇ ಇರ್ತಾರಂತೆ. ಇದನ್ನ ನಿಮಗೆ ಕೊಡೋಕೆ ಹೇಳಿದ್ರು,” ಎಂದು ಲಲಿತಾ ಒಂದು ಗಂಟು ಮುಂದಿಟ್ಟಳು.

ಬಿಚ್ಚಿದರೆ ಬೂದಿ ಮೆತ್ತಿದ ಗೆಡ್ಡೆಗಳು. ಹನ್ನೊಂದು. ಪ್ರತಿಯೊಂದೂ ಕುತ್ತಿಗೆಯ ಸಮೇತ, ಕಣ್ಣು ಇನ್ನೇನು ಒಡೆಯುವ ಹಾಗೆ ಉಬ್ಬಿಕೊಂಡು. ಹೊಗೆಯ ವಾಸನೆ ಬರುತ್ತಿತ್ತು. ಏಪ್ರಿಲ್‌ನಲ್ಲಿ ನಾನು ಪೆಟ್ಟಿಗೆ ತುಂಬಿಸುವಾಗ, ನನಗೆ ಗೊತ್ತಾಗದ ಹಾಗೆ, ಒಳ್ಳೊಳ್ಳೆಯ ತಳಿಗಳಿಂದ ಒಂದೊಂದನ್ನು ಬಿಡಿಸಿ ಅವನು ತನ್ನ ಒಲೆಯ ಮೇಲೆ ಕಟ್ಟಿಕೊಂಡಿದ್ದ. ಒತ್ತಿ ನೋಡಿದೆ. ಒಂದೂ ಮೆತ್ತಗಿರಲಿಲ್ಲ.

ಅಂದೇ ಆ ಗಂಟು ಹಿಡಿದು ಆಫೀಸರ ಬಳಿ ಹೋಗಿ ನಿಜ ಹೇಳಬಹುದಿತ್ತು. ಈ ತಳಿಗಳನ್ನು ಉಳಿಸಿದವನು ಅವನು, ಹಾಳು ಮಾಡಿದವನು ನಾನು ಎಂದು ಎರಡೇ ವಾಕ್ಯ ಸಾಕಿತ್ತು. ಗಂಟು ಹಿಡಿದು ಹೋದದ್ದು ನಿಜ. ಕೊಳೆತ ಪೆಟ್ಟಿಗೆಗಳಿಂದ ಹೇಗೋ ಹನ್ನೊಂದನ್ನು ಉಳಿಸಿದ್ದೇನೆ ಎಂದು ಹೇಳಿ ಬಂದೆ.

ಆಮೇಲಿನದೆಲ್ಲ ನೆಟ್ಟಗೆ ನಡೆಯಿತು. ಚಿಗುರು ಕೊಯ್ದೆ, ಮರಳಿಗೆ ಊರಿದೆ, ಬೇರು ಬಂದ ಗಿಡದ ತುದಿಯನ್ನು ಮತ್ತೆ ಕೊಯ್ದು ಊರಿದೆ. ಹನ್ನೊಂದು ಗೆಡ್ಡೆಯಿಂದ ಅರವತ್ತಕ್ಕೂ ಹೆಚ್ಚು ಗಿಡ ಎದ್ದವು. ಆ ನವೆಂಬರಿನಲ್ಲಿ ಮಗ ಹುಟ್ಟಿದ. ಜನವರಿಯಲ್ಲಿ ಮತ್ತೆ ಕಪ್ ಬಂತು, ಫೆಬ್ರವರಿಯಲ್ಲಿ ನನ್ನನ್ನು ಕಾಯಂ ಮಾಡಿದರು. ಮಗನ ನಾಮಕರಣಕ್ಕೆ ಕಾಕಾನಿಗೆ ಕಾಗದ ಹಾಕಿ ಎಂದು ಲಲಿತಾ ಹಠ ಹಿಡಿದಳು. ವಿಳಾಸ ಗೊತ್ತಿಲ್ಲ ಎಂದೆ. ಆ ಮಾತು ಮಾತ್ರ ನಿಜವೇ ಆಗಿತ್ತು.

ಕ್ಯಾಂಟೀನಿನಲ್ಲಿ ಒಂದು ಬದಲಾವಣೆಯಾಗಿತ್ತು. ಸಂಜೀವಣ್ಣ ನನ್ನ ಜೊತೆ ಕನ್ನಡ ಮಾತಾಡುವುದನ್ನು ಬಿಟ್ಟಿದ್ದರು. ಜಗಳವಿಲ್ಲ, ಮುನಿಸಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವರು ಹಿಂದಿಯಲ್ಲಿ ಉತ್ತರಿಸುತ್ತಿದ್ದರು, ಉಳಿದ ಗಿರಾಕಿಗಳಿಗೆ ಹೇಳುವ ಹಾಗೆಯೇ. ಮೂರ್ತಿಯವರೆ ಹೋಗಿ ಸೇಠ್ ಆಗಿತ್ತು. ಮುಂಬಯಿಯಲ್ಲಿ ಬಹಳ ವರ್ಷ ಇದ್ದವರ ನಾಲಗೆ ಹೀಗಾಗುತ್ತದೆ ಎಂದುಕೊಂಡೆ. ಕೆಲಸದ ಗಡಿಬಿಡಿ ಇರಬೇಕು ಎಂದುಕೊಂಡೆ. ಮೂರು ವರ್ಷ ಹೀಗೇ ಅಂದುಕೊಂಡೇ ಕಳೆದೆ. ಅವರ ಗಲ್ಲಾ ಪಕ್ಕ ನಿಂತು ತಿನ್ನುವುದನ್ನು ಯಾವಾಗ ಬಿಟ್ಟೆನೋ ನೆನಪಿಲ್ಲ.

ಎಂಬತ್ತೊಂಬತ್ತರಲ್ಲಿ ಅವರು ಕ್ಯಾಂಟೀನ್ ಬಿಟ್ಟು ಅಂಧೇರಿಯಲ್ಲಿ ನೆಂಟರ ಹೋಟೆಲಿಗೆ ಪಾಲುದಾರರಾಗಿ ಹೊರಟರು. ಕೊನೆಯ ದಿನ ಪಾತ್ರೆಗಳನ್ನು ಟೆಂಪೋಗೆ ತುಂಬಿಸುತ್ತಿದ್ದರು. ಒಳ್ಳೆಯದಾಗಲಿ ಎಂದು ಹೇಳಲು ಹೋದೆ. ಅವರು ಕೈ ಒರೆಸಿಕೊಂಡು, ಮೂರು ವರ್ಷದ ಮೇಲೆ ಮೊದಲ ಸಲ, ಕನ್ನಡದಲ್ಲಿ ಮಾತಾಡಿದರು.

“ಮೂರ್ತಿಯವರೆ, ಒಂದು ವಿಷಯ ಉಂಟು. ಅವತ್ತು ಗಣಪತ್ ಆ ಕಾಗದ ನನ್ನ ಹತ್ರ ತಂದ. ನಾನೇ ಓದಿ ಹೇಳಿದ್ದು. ನೀವು ಬರೆದದ್ದು ಒಂದೊಂದು ಶಬ್ದವೂ.”

ಯಾವತ್ತು ಎಂದು ಕೇಳಿದೆ.

“ಶುಕ್ರವಾರ. ಭಾನುವಾರ ಅವ ನಿಮ್ಮಲ್ಲಿಗೆ ಗೆಡ್ಡೆ ತಂದ ಅಲ್ವಾ, ಅದಕ್ಕೆ ಎರಡು ದಿನ ಮೊದಲು. ಯಾಕೆ ಕೊಡ್ತಿ, ಗಟಾರಕ್ಕೆ ಬಿಸಾಡು ಅಂತ ನಾನು ಹೇಳಿದೆ. ಹುಡುಗಿಗೆ ದಿನ ತುಂಬ್ತಾ ಉಂಟು, ಈ ಮಳೆಯಲ್ಲಿ ಎಲ್ಲಿಗೆ ಹೋಗ್ತಾಳೆ ಅಂದ. ಯಾರಿಗೂ ಹೇಳಬೇಡ ಅಂತಲೂ ಅಂದ. ಇಷ್ಟು ದಿನ ಹೇಳ್ಲಿಲ್ಲ ನಾನು.”

ಅಷ್ಟು ಹೇಳಿ ಟೆಂಪೋ ಹತ್ತಿದರು. ಅವರು ನನ್ನೊಡನೆ ಆಡಿದ ಕೊನೆಯ ಕನ್ನಡ ಅದು.

ಮಾರನೆಯ ದಿನ ಗುಡ್ಡದ ಇಳಿಜಾರಿಗೆ ಹೋದೆ. ಆ ಸಾಲಿನ ಖೋಲಿಗಳನ್ನು ತೆಗೆದು ದೊಡ್ಡ ನೀರಿನ ಪೈಪು ಹಾಕಿದ್ದರು. ಅಕ್ಕಪಕ್ಕದವರಲ್ಲಿ ಒಬ್ಬರು ರತ್ನಾಗಿರಿಗೆ ಹೋದ ಎಂದರು, ಇನ್ನೊಬ್ಬರು ಗೋರೆಗಾಂವ್‌ನ ಯಾವುದೋ ಬಿಲ್ಡಿಂಗಿನಲ್ಲಿ ಕಾವಲಿಗಿದ್ದಾನೆ ಎಂದರು. ಎರಡು ಭಾನುವಾರ ಗೋರೆಗಾಂವ್ ಸುತ್ತಿದೆ. ಹುಡುಕಿದೆ ಎಂದು ಎದೆ ತಟ್ಟಿ ಹೇಳಿಕೊಳ್ಳುವಷ್ಟು ಹುಡುಕಲಿಲ್ಲ. ಸಿಕ್ಕಿಬಿಟ್ಟರೆ ಏನು ಹೇಳುವುದು ಎನ್ನುವ ಭಯ ಸಿಗದಿರುವ ದುಃಖಕ್ಕಿಂತ ದೊಡ್ಡದಿತ್ತು.

ಈಗ ತೊಂಬತ್ತೆರಡು. ಈ ಊರಿಗೆ ಬಂದು ಏಳು ವರ್ಷವಾಯಿತು. ಅದೇ ಕ್ವಾರ್ಟರ್ಸಿನಲ್ಲಿದ್ದೇವೆ. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅವನು ಹಿಂದಿಯಲ್ಲಿ ಉತ್ತರ ಕೊಟ್ಟಾಗಲೆಲ್ಲ ನನಗೆ ಕ್ಯಾಂಟೀನಿನ ಗಲ್ಲಾ ನೆನಪಾಗುತ್ತದೆ, ಪಾಪ ಆ ಮಗುವಿಗೇನು ಗೊತ್ತು. ಪ್ರತಿ ಏಪ್ರಿಲ್‌ನಲ್ಲೂ ಗೆಡ್ಡೆಗಳಿಗೆ ಬೂದಿ ಮೆತ್ತಿ ಪೇಪರಿನಲ್ಲಿ ಸುತ್ತಿ, ಬಾಯ್ಲರ್ ಕೋಣೆಯ ಮಾಡಿಗೆ ಬುಟ್ಟಿಗಳಲ್ಲಿ ಕಟ್ಟಿಸುತ್ತೇನೆ. ಭಾನುವಾರ ಒಂದೊಂದನ್ನೂ ಇಳಿಸಿ ಒತ್ತಿ ನೋಡುತ್ತೇನೆ. ಒಂದೂ ಹಾಳಾಗುವುದಿಲ್ಲ. ಬೇರೆ ಕಾರ್ಖಾನೆಯ ತೋಟದವರು ಬಂದು ನೋಡಿ ಕಲಿತುಹೋಗುತ್ತಾರೆ. ಇದಕ್ಕೆ ಅವರೆಲ್ಲ ಮೈಸೂರು ಪದ್ಧತಿ ಎಂದು ಹೆಸರಿಟ್ಟಿದ್ದಾರೆ. ಮೊದಲ ಸಲ ಆ ಹೆಸರು ಕೇಳಿದಾಗ ಅಲ್ಲ ಎನ್ನಲು ಬಾಯಿ ತೆರೆದೆ, ಮುಚ್ಚಿಕೊಂಡೆ.

ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತೇವೆ. ಅಲ್ಲಿ ನಾನು ಬೊಂಬಾಯಿ ಮೂರ್ತಿ. ಹಳೆಯ ನರ್ಸರಿಯ ಮುಂದೆ ಹಾದು ಹೋಗುವಾಗ ಮರಳಿನ ಪೆಟ್ಟಿಗೆಗಳು ಕಾಣುತ್ತವೆ, ಒಳಗೆ ಹೋಗುವುದಿಲ್ಲ. ಅಲ್ಲಿ ಕಲಿತದ್ದು ಇಲ್ಲಿ ಕೊಳೆಯಿತು. ಇಲ್ಲಿ ಉಳಿಸಿಕೊಂಡದ್ದು ನನ್ನದಲ್ಲ. ಮುಂಬಯಿ ಹೇಗಿದೆ, ನೆಲೆಯೂರಿದ್ದು ಹೇಗೆ, ಬರೆದು ಕಳಿಸಿ ಎಂದು ಈ ಪತ್ರಿಕೆಯವರು ಕೇಳಿದಾಗ ಲೋಕಲ್ ಬಗ್ಗೆ, ಮಳೆಯ ಬಗ್ಗೆ ನಾಲ್ಕು ತಮಾಷೆ ಬರೆದು ಕೈ ತೊಳೆದುಕೊಳ್ಳೋಣ ಎಂದೇ ಕುಳಿತವನು. ಕೈ ಬೇರೆಯದನ್ನೇ ಬರೆಯಿತು. ನೆಲೆಯೂರಿದ್ದು ಹೇಗೆ ಎನ್ನುವ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದೊಂದೇ.

ಸುಳ್ಳನ್ನು ಗಣಪತನಿಗೆ ಓದಲು ಬಾರದ ಭಾಷೆಯಲ್ಲಿ ಬರೆದೆ. ನಿಜವನ್ನೂ ಈಗ ಅವನಿಗೆ ಬಾರದ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಅವನನ್ನು ಬಲ್ಲವರಲ್ಲಿ ಇದನ್ನು ಓದುವವಳು ಲಲಿತಾ ಒಬ್ಬಳೇ. ಕಾಕಾ ಊರಿನಿಂದ ಒಂದು ಸಲವೂ ಬರಲಿಲ್ಲವಲ್ಲ ಎಂದು ಪ್ರತಿ ಗಣೇಶನ ಹಬ್ಬಕ್ಕೂ ಅವಳು ಹೇಳುತ್ತಾಳೆ, ಈ ವರ್ಷವೂ ಹೇಳಿದಳು. ಪತ್ರಿಕೆ ಬರುವುದು ತಿಂಗಳ ಮೊದಲ ವಾರ, ಅಂಚೆಯವನಿಂದ ತೆಗೆದುಕೊಂಡು ಮೊದಲು ಬಿಡಿಸುವವಳು ಅವಳೇ. ಅವತ್ತು ರಜೆ ಹಾಕಿ ಮನೆಯಲ್ಲೇ ಇರುತ್ತೇನೆ.